ಎಲೆಯ ಮುಂದೆ ಕೂತ ವಿಠ್ಠಲ

ಸವಣೂರಿನ ಮಠದ ಓಣಿಯಲ್ಲಿದ್ದ ಶ್ರೀಪಾದಾಚಾರ್ಯರ ಖಾನಾವಳಿಗೆ ಹೆಸರಿನ ಹಲಗೆ ಇರಲಿಲ್ಲ. ಮಧ್ಯಾಹ್ನವಾಗುತ್ತ ಬಂದರೆ ಒಗ್ಗರಣೆಯ ವಾಸನೆ ಓಣಿಯ ತುದಿಯವರೆಗೆ ಹೋಗಿ ಜನರನ್ನು ಕರೆತರುತ್ತಿತ್ತು. ಸಂಸ್ಥಾನದ ಕಚೇರಿಯ ಕಾರಕೂನರು, ಸಾಲಿಯ ಮಾಸ್ತರರು, ಪರವೂರಿನಿಂದ ಕಲಿಯಲು ಬಂದ ಹುಡುಗರು ಬಂದು ಸಾಲಾಗಿ ಕೂತರೆ, ಬಡಿಸುವವಳು ಆಚಾರ್ಯರ ತಂಗಿ ಗೋಪಿಕಾಬಾಯಿ.

ಅವಳ ಗಂಡ ಮದುವೆಯಾದ ಎರಡನೆಯ ವರುಷ ನಾಟಕದ ಕಂಪನಿಯೊಂದರ ಬೆನ್ನು ಹತ್ತಿ ಹೋದವನು ತಿರುಗಿ ಬರಲಿಲ್ಲ. ಸತ್ತ ಸುದ್ದಿ ಬಾರದ್ದರಿಂದ ಹಣೆಯ ಕುಂಕುಮ ಉಳಿಯಿತು, ಇರುವ ಸುದ್ದಿಯೂ ಬಾರದ್ದರಿಂದ ಅಣ್ಣನ ಮನೆಯೇ ಅವಳ ಮನೆಯಾಯಿತು. ಅತ್ತಿಗೆ ತುಳಸಾಬಾಯಿ ಕೆಟ್ಟವಳಲ್ಲ. ಆದರೆ ಆಕೆಗೆ ನಡ ಹಿಡಿಯುವ ಬೇನೆ. ಹೀಗಾಗಿ ಬಗ್ಗುವ ಕೆಲಸವೆಲ್ಲ ಗೋಪಿಕಾಬಾಯಿಯ ಪಾಲಿಗೆ. ಖಾನಾವಳಿಯಲ್ಲಿ ಬಗ್ಗದೆ ಮಾಡುವ ಕೆಲಸವಾದರೂ ಯಾವುದಿದೆ? ಎಲ್ಲರೂ ಉಂಡೆದ್ದು, ಎಲೆ ತೆಗೆದು, ಗೋಮಯ ಹಚ್ಚಿ, ಕಡೆಗೆ ಒಲೆಯ ಮಗ್ಗುಲಲ್ಲಿ ಅರ್ಧ ನಿಂತು ಅರ್ಧ ಕೂತು ಅವಳು ಎರಡು ತುತ್ತು ಉಣ್ಣುತ್ತಿದ್ದಳು.

ಅವಳಿಗೆ ಹಾಡು ಹತ್ತಿದ್ದು ಅಣ್ಣನ ದೆಸೆಯಿಂದ. ಶ್ರೀಪಾದಾಚಾರ್ಯರಿಗೆ ಒಮ್ಮೆ ಹಾರ್ಮೋನಿಯಂ ಪೇಟಿ ಬಾರಿಸುವ ಹುಚ್ಚು ಹಿಡಿಯಿತು, ಕಲಿಸಲೆಂದು ಕುತುಬುದ್ದೀನ ಮಾಸ್ತರರನ್ನು ಕರೆಸಿಕೊಂಡರು. ಮಾಸ್ತರರು ಮಧ್ಯಾಹ್ನ ಇಳಿದ ಮೇಲೆ ಬಂದು ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದರು. ಮೂರೇ ತಿಂಗಳಿಗೆ ಆಚಾರ್ಯರಿಗೆ ಬೇಸರ ಬಂತು. ಮಾಸ್ತರರು ಮಾತ್ರ ಬರುವುದನ್ನು ಬಿಡಲಿಲ್ಲ. ಹೊಸ್ತಿಲ ಒಳಗೆ ಬೋಗುಣಿ ತಿಕ್ಕುತ್ತಿದ್ದವಳು ತಪ್ಪಿಲ್ಲದೆ ಸ್ವರ ಗುನುಗುವುದನ್ನು ಅವರು ಕೇಳಿದ್ದರು. ಅವರು ಕಟ್ಟೆಯ ಮೇಲೆ, ಅವಳು ಹೊಸ್ತಿಲ ಒಳಗೆ. ಹತ್ತು ವರುಷ ಪಾಠ ಹಾಗೆಯೇ ನಡೆಯಿತು.

ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ಮಾಸ್ತರರು ಒಂದು ಸುದ್ದಿ ತಂದರು. ಪುಣೆಯ ಕಡೆಯ ಒಂದು ವಿದ್ಯಾಪೀಠದಲ್ಲಿ ಹೆಂಗಸರಿಗೆ ಸಂಗೀತದ ಪದವಿ ಕೊಡುತ್ತಾರಂತೆ. ಗೋಪಿಕಾಬಾಯಿಯಂತೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದರೆ ಸಾಕು, ಮೊದಲು ಎರಡು ವರುಷ ತಯಾರಿ, ಆಮೇಲೆ ಪದವಿ. ಇರಲು ಖೋಲಿ, ಊಟ ಎಲ್ಲ ಅವರದೇ. ಈ ಕಡೆಯ ತಾಲೂಕುಗಳ ಹೆಣ್ಣುಮಕ್ಕಳ ಹಾಡು ಕೇಳಲು ಪರೀಕ್ಷಕರೊಬ್ಬರು ಶಿಗ್ಗಾವಿಗೆ ಬರುವವರಿದ್ದಾರೆ.

“ಪದವಿ ತಗೊಂಡ್ರ ಧಾರವಾಡದಾಗ ಹುಡಿಗ್ಯಾರ ಸಾಲಿಗೆ ಮಾಸ್ತರ್ತಿ ಆಗಬಹುದು ನೋಡು ಬೇಟಿ” ಎಂದರು ಮಾಸ್ತರರು.

“ಅಲ್ಲಿ ಊಟಕ್ಕ ಬಡಸವ್ರು ಯಾರ್ರಿ?”

“ಯಾರೋ ಅಡಗಿಯವ್ರು ಇರ್ತಾರ.”

“ಅಂದ್ರ ನಾ ಕೂಡೋದು, ಅವ್ರು ಬಡಸೋದು?”

ಮಾಸ್ತರರು ನಕ್ಕರು. ಗೋಪಿಕಾಬಾಯಿ ನಗಲಿಲ್ಲ. ಆ ದಿನದಿಂದ ಅವಳ ಮನಸ್ಸಿನಲ್ಲಿ ಪುಣೆ ಎಂದರೆ ಒಂದು ಮಣೆ, ಎದುರಿಗೆ ಒಂದು ಎಲೆ, ಮತ್ತು ಬಗ್ಗಿ ಬಡಿಸುತ್ತಿರುವ ಬೇರೆ ಯಾರದೋ ಕೈ.

ಅರ್ಜಿಗೆ ರುಜು ಹಾಕುವಾಗ ಆಚಾರ್ಯರು, “ಆಗೋದಲ್ಲ ಹೋಗೋದಲ್ಲ. ಹೋಗಿ ಬಾ, ನಿನ್ನ ಮನಸ್ಸಿಗಿ ಸಮಾಧಾನ ಆಗ್ಲಿ” ಎಂದರು. ತುಳಸಾಬಾಯಿ ಮಾತ್ರ ಹಿಟ್ಟಿನ ಕೈಯಲ್ಲೇ ಬಂದು ನಿಂತು, “ಆದ್ರ ಹ್ಯಾಂಗರೀ? ನನ್ನ ನಡಾ ನೋಡೀರೇನು?” ಎಂದಳು. ಆಮೇಲೆ ನಾದಿನಿಯ ಮುಖ ನೋಡಿ, “ಹೋಗವಾ ಗೋಪಕ್ಕ. ಒಂದು ದಿನ ಹ್ಯಾಂಗೋ ಸಂಭಾಳಿಸ್ತೀನಿ” ಎಂದು ಒಳಗೆ ಹೋದಳು.

ಮಾಸ್ತರರು ಅವಳಿಗೆ ಸಾರಂಗ ರಾಗವನ್ನು ತೀಡಿ ತೀಡಿ ಹೇಳಿಕೊಟ್ಟರು. ಕೊನೆಗೆ ಮನೆಯ ಹಾಡೊಂದನ್ನು ಕೇಳುತ್ತಾರೆಂದು ತುಳಸಿಯ ಮೇಲಿನ ಸಣ್ಣ ಹಾಡನ್ನು ಗೊತ್ತು ಮಾಡಿದರು. “ಪರೀಕ್ಷಾದವ್ರ ಮುಂದ ಒಂದು ಗಂಟಿ ಇರತೈತಿ. ಅದು ಬಾರಿಸ್ತಂದ್ರ ನಿಂತ ಬಿಡಬೇಕು. ತಾನ ಅರ್ಧಾ ಆಗಿರ್ಲಿ, ಉಸರು ಅರ್ಧಾ ಆಗಿರ್ಲಿ. ತಿಳೀತಿಲ್ಲೋ?”

“ತಿಳೀತ್ರಿ.”

ಹೊರಟ ದಿನ ನಸುಕಿನಲ್ಲೇ ಎದ್ದು ಪಲ್ಯ, ಸಾರು ಮಾಡಿಟ್ಟು, ಕಣ್ಣು ಉರಿಯುತ್ತಿರುವಾಗಲೇ ಖಾದರಸಾಬನ ಟಾಂಗಾ ಹತ್ತಿದಳು. ಜೊತೆಗಿರಲೆಂದು ಅಣ್ಣನ ಮಗಳು, ಎಂಟು ವರುಷದ ಮನೋರಮಾಳನ್ನು ಕಳಿಸಿದ್ದರು. ಮುಂದೆ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮಾಸ್ತರರು. ಎಲೆಬಳ್ಳಿಯ ತೋಟಗಳು ಹಿಂದೆ ಬಿದ್ದವು. ಎರೆಯ ಹೊಲಗಳ ನಡುವಿನ ದಾರಿಗೆ ಬಿದ್ದ ಮೇಲೆ ಟಾಂಗಾದ ಕುಲುಕಿಗೆ ಅವಳಿಗೆ ನಿದ್ದೆ ಹತ್ತಿತು. ತೂಗಿ ತೂಗಿ ಮಗುವಿನ ತಲೆಯ ಮೇಲೆ ಬೀಳುತ್ತಿದ್ದಳು.

ಶಿಗ್ಗಾವಿಯಲ್ಲಿ ಪರೀಕ್ಷಕರಿಗಾಗಿ ಬಿಟ್ಟುಕೊಟ್ಟಿದ್ದ ಖೋಲಿಯ ಮುಂದೆ ಹೆಣ್ಣುಮಕ್ಕಳು, ಅವರ ಅಪ್ಪಂದಿರು, ಮಾವಂದಿರು ಕಾಯುತ್ತ ಕೂತಿದ್ದರು. ಪರೀಕ್ಷಕರು ಮೂಲತಃ ಈ ಸೀಮೆಯವರೇ, ಪುಣೆಯಲ್ಲಿ ನೆಲೆಸಿದವರು. ಊರೂರು ತಿರುಗಿ ಹಾಡು ಕೇಳಿ ಕೇಳಿ ಅವರ ಮುಖ ಜ್ವರ ಬಂದವರ ಮುಖದಂತಾಗಿತ್ತು. ಗೋಪಿಕಾಬಾಯಿಯ ಸರದಿ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು.

ಸಾರಂಗ ಚೆನ್ನಾಗಿ ಬಂತು. ಪರೀಕ್ಷಕರು ಒರಗಿದ್ದವರು ಎದ್ದು ಕೂತರು. ಗಂಟೆ ಬಾರಿಸಿದಾಗ ಅವಳು ಹೇಳಿಸಿಕೊಂಡಂತೆ ಅಲ್ಲೇ ನಿಂತಳು. ಮಾಸ್ತರರು ಪೇಟಿಯ ಮೇಲೆ ಬಗ್ಗಿದಂತೆ ಮಾಡಿ ಮುಗುಳ್ನಕ್ಕರು.

“ಛಲೋ ಅದ” ಎಂದರು ಪರೀಕ್ಷಕರು. “ಇನ್ನ ನಿಮ್ಮ ಮನ್ಯಾಗಿನ ಒಂದು ಹಾಡು ಹಾಡ್ರಿ. ಸಣ್ಣದು.”

ತುಳಸಿಯ ಹಾಡಿಗೆ ಮಾಸ್ತರರು ಸ್ವರ ಹಿಡಿದರು. ಆದರೆ ಅದು ದಿನಾಲೂ ಅವಳು ದೇವರಿಗೆ ನೈವೇದ್ಯ ಹಿಡಿಯುವ ಹೊತ್ತು. ಬಾಯಿ ತೆರೆದರೆ ಬಂದದ್ದು ನೈವೇದ್ಯದ ಹಾಡು, ಅವಳ ಅಜ್ಜಿ ಕಟ್ಟಿದ್ದು. ವಿಠ್ಠಲನಿಗೆ ಕಾಲು ತೊಳೆಯಲು ನೀರು ಕೊಟ್ಟು, ಮಣೆ ಹಾಕಿ, ಎಲೆ ಹಾಸಿ ಒಂದೊಂದಾಗಿ ಬಡಿಸುತ್ತ ಹೋಗುವ ಉದ್ದನೆಯ ಹಾಡು. ಮಾಸ್ತರರು ತಲೆ ಎತ್ತಿ ನೋಡಿ, ಬೇರೆ ದಾರಿ ಕಾಣದೆ ಪೇಟಿಯನ್ನು ಅವಳ ಹಿಂದೆ ತಂದರು.

ಗಂಟೆ ಬಾರಿಸಿತು.

ಅದು ಅವಳಿಗೆ ಕೇಳಿಸಿತು, ಅದರ ಅರ್ಥವೂ ತಿಳಿಯಿತು. ಇಲ್ಲಿ ನಿಲ್ಲದಿದ್ದರೆ ಪುಣೆ ಇಲ್ಲ ಎಂಬುದೂ ತಿಳಿಯಿತು. ಆದರೆ ವಿಠ್ಠಲ ಎಲೆಯ ಮುಂದೆ ಕೂತಿದ್ದ. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಒಂದು ಚೂರು ಕೋಸಂಬರಿ ಬಿದ್ದಿತ್ತು, ಅಷ್ಟೇ. ಹಿಂದೊಮ್ಮೆ ಖಾನಾವಳಿಯಲ್ಲಿ ದೂರದ ಮುದುಕರೊಬ್ಬರು ಗೊತ್ತಿಲ್ಲದೆ ಕೂಡಬಾರದ ಪಂಕ್ತಿಯಲ್ಲಿ ಕೂತಿದ್ದರು. ಯಾರೋ ತಕರಾರು ತೆಗೆದು ಅವರನ್ನು ಎಬ್ಬಿಸಿದರು. ಕಲಸಿದ ಅನ್ನ ಬೆರಳಿಗೆ ಅಂಟಿದ್ದಂತೆಯೇ ಅವರು ಎದ್ದು ಹೋದದ್ದನ್ನು ಗೋಪಿಕಾಬಾಯಿ ಸೌಟು ಹಿಡಿದು ನಿಂತು ನೋಡಿದ್ದಳು. ಆಗ ಅವಳ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

ಅವಳು ಹಾಡಿದಳು. ಪಲ್ಯ ಬಡಿಸಿದಳು, ಅನ್ನ ಬಡಿಸಿದಳು, ತೊವ್ವೆ ಹಾಕಿದಳು. ಗಂಟೆ ಮತ್ತೆ ಬಾರಿಸಿತು. ಲಯ ಸ್ವಲ್ಪ ಜೋರು ಮಾಡಿ ತುಪ್ಪ, ಸಾರು, ಹೋಳಿಗೆ ಬಡಿಸಿದಳು. ಹಸಿದು ಕೂತಿದ್ದ ಅಪ್ಪಂದಿರಲ್ಲಿ ಒಬ್ಬರು ಗುಟುಕ್ಕನೆ ಉಗುಳು ನುಂಗಿದ್ದು ಎಲ್ಲರಿಗೂ ಕೇಳಿಸಿತು. ಪರೀಕ್ಷಕರು ಮೂರನೆಯ ಸಲ ಬಾರಿಸಲು ಗಂಟೆಯನ್ನು ಎತ್ತಿದವರು ಹಾಗೆಯೇ ಕೆಳಗಿಟ್ಟರು. ಮಜ್ಜಿಗೆ ಅನ್ನವಾಯಿತು, ಕೈತೊಳೆಯಲು ನೀರಾಯಿತು. ಸವಣೂರಿನ ಚಿಗುರೆಲೆಗೆ ಸುಣ್ಣ ಹಚ್ಚಿ, ಮಡಿಸಿ ಕೈಗೆ ಕೊಟ್ಟು ಅವಳು ಹಾಡು ನಿಲ್ಲಿಸಿದಳು.

“ಆತೇನ್ರಿ ಅವರ ಊಟಾ?” ಎಂದರು ಪರೀಕ್ಷಕರು.

“ಆತ್ರಿ. ಎಲಿ ಅಡಿಕೀನೂ ಆತು.”

ಯಾರೋ ನಕ್ಕರು. ಪರೀಕ್ಷಕರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ನೋಡ್ರಿ ಬಾಯಿ, ನಿಮ್ಮ ಧ್ವನಿ ಛಲೋ ಅದ. ಕಲತದ್ದೂ ಛಲೋ ಅದ. ಆದ್ರ ಈ ಕಡೀಂದ ಒಬ್ಬರನ್ನ ಕರಕೊಂಡು ಹೋಗಬೇಕು ನಾನು. ಅಲ್ಲೆ ಒಂದ ಖೋಲ್ಯಾಗ ಹತ್ತಾರು ಮಂದಿ ಕಲೀತಾರ. ನಿಲ್ಲಂದ್ರ ನಿಲ್ಲದವ್ರನ್ನ ಒಯ್ದು ನಾ ಅಲ್ಲೆ ಏನ ಹೇಳ್ಲಿ?”

“ಖರೇ ಅದ ರೀ” ಎಂದು ಅವಳು ಎದ್ದಳು.

ಅವಳಾದ ಮೇಲೆ ಹಾಡಿದವಳು ಹಂಸಭಾವಿಯ ಸರೋಜವ್ವ ಎಂಬ ಹುಡುಗಿ. ದೇವರನ್ನು ಕರೆಯುವ ಹಾಡು ಅವಳದು. ದೇವರ ಹೆಸರು ಅರ್ಧ ಬಂದಿರುವಾಗ ಗಂಟೆ ಬಾರಿಸಿತು. ಹುಡುಗಿ ಅಲ್ಲಿಗೇ ಬಾಯಿ ಮುಚ್ಚಿದಳು. ಅವಳನ್ನೇ ಆರಿಸಿದರು.

ತಿರುಗಿ ಬರುವಾಗ ಬಿಸಿಲು ಇಳಿದಿತ್ತು. ಕುದುರೆಯೂ ಸೋತಿತ್ತು. ಕಡೆಗೆ ಮಾಸ್ತರರಿಗೆ ತಡೆಯಲಾಗಲಿಲ್ಲ.

“ಅಲ್ಲ ಬೇಟಿ, ಅನ್ನಾ ತೊವ್ವಿ ಹಾಕಿದ್ದಿ. ಅಲ್ಲಿಗೆ ನಿಂತಿದ್ರೂ ನಡೀತಿತ್ತು.”

“ತುಪ್ಪಾ ಹಾಕಿರ್ಲಿಲ್ಲಲ್ರೀ ಮಾಸ್ತರ.”

ಖಾದರಸಾಬ ಮುಂದೆ ನೋಡುತ್ತಲೇ, “ತುಪ್ಪಿಲ್ಲದ ಹ್ಯಾಂಗ ಉಂತಾರ್ರಿ ಪಾಪ, ದೊಡ್ಡ ಮಂದಿ” ಎಂದ. ಮಾಸ್ತರರು ಅವನ ಬೆನ್ನಿಗೊಂದು ಗುದ್ದಿದರು. ಗೋಪಿಕಾಬಾಯಿಗೂ ನಗೆ ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಮಗು ಮನೋರಮಾ ತಾನು ಉಟ್ಟ ಪರಕಾರದ ಅಂಚಿನಿಂದ ಅತ್ತೆಯ ಮುಖ ಒರೆಸಿದಳು.

ಮನೆಗೆ ಬಂದರೆ ತುಳಸಾಬಾಯಿ ಗೋಡೆಗೆ ಒರಗಿ ನಿಂತಿದ್ದಳು. ಏನಾಯಿತೆಂದು ಕೇಳಲಿಲ್ಲ. ನಾದಿನಿಯ ಮುಖದಲ್ಲಿ ಅದು ಕಂಡಿತ್ತು. ಮಣೆ ಹಾಕಿ, ಎಲೆ ಹಾಸಿ, “ಕೂಡು ಗೋಪಕ್ಕ, ಹಸದಿದ್ದೀ” ಎಂದಳು. ಒಂದು ಕೈಯಿಂದ ನಡ ಹಿಡಿದುಕೊಂಡು ಬಗ್ಗಿ ಅನ್ನ ಬಡಿಸಿದಳು, ಸಾರು ಹಾಕಿದಳು. ಗೋಪಿಕಾಬಾಯಿ ಕೂತು ಮೊದಲ ತುತ್ತು ಕಲಸಿದಳು. ಅಷ್ಟರಲ್ಲಿ ಹೊರಗೆ ಕೆಮ್ಮಿದ ಸಪ್ಪಳ. ಕಚೇರಿಯ ಕಾರಕೂನರೊಬ್ಬರು ಹೊತ್ತು ಮೀರಿ ಊಟಕ್ಕೆ ಬಂದಿದ್ದರು. ತುಳಸಾಬಾಯಿ ಸೌಟು ಎತ್ತಲು ಹೋದವಳು ಅಲ್ಲೇ ಕುಸಿದು ಕೂತುಬಿಟ್ಟಳು.

ಗೋಪಿಕಾಬಾಯಿ ಎದ್ದು ಕೈತೊಳೆದು ಸೌಟು ಹಿಡಿದಳು. ಆ ದಿನ ಉಣ್ಣದೆ ಎಲೆಯ ಮುಂದಿನಿಂದ ಎದ್ದವಳು ಅವಳೊಬ್ಬಳೇ.

ಮುಂದೆ ಮತ್ತೆಂದೂ ಅವಳು ಅರ್ಜಿ ಹಾಕಲಿಲ್ಲ. ಅಡಿಗೆ, ಬಡಿಸುವುದು, ಎಲೆ ತೆಗೆಯುವುದು ನಡೆದೇ ಇತ್ತು. ಮಧ್ಯಾಹ್ನ ಇಳಿದ ಮೇಲೆ ಮಾಸ್ತರರು ಬರುತ್ತಿದ್ದರು. ಅವರು ಹಾಸಿಗೆ ಹಿಡಿದ ಮೇಲೆ ಅವರ ಮೊಮ್ಮಗಳು ಮಾಸೂಮಾ ಪೇಟಿಯನ್ನು ಹೊತ್ತು ತಂದು, “ಅಜ್ಜಾ ನಿಮ್ಮ ಕಡೆನ ಇರ್ಲಿ ಅಂದಾರ್ರಿ” ಎಂದು ಕಟ್ಟೆಯ ಮೇಲಿಟ್ಟು ಹೋದಳು. ಗೋಪಿಕಾಬಾಯಿ ಅದನ್ನು ಹೊಸ್ತಿಲ ಒಳಗೆ ತಂದುಕೊಂಡಳು. ಓಣಿಯ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕಟ್ಟೆಯ ಮೇಲೆ ಕೂತು ಕಲಿತರು. ಅವರೊಳಗೆ ಮನೋರಮಾಳೂ ಒಬ್ಬಳು.

ನಲವತ್ತೇಳರಲ್ಲಿ ಮನೋರಮಾ ಅದೇ ವಿದ್ಯಾಪೀಠಕ್ಕೆ ಅರ್ಜಿ ಹಾಕಿದಳು. ಈ ಸಲ ಹಾಡು ಕೇಳುವುದು ಹುಬ್ಬಳ್ಳಿಯಲ್ಲಿ. ಹೊರಡುವ ಹಿಂದಿನ ದಿನ ಅವಳು ಅಡಿಗೆಮನೆಗೆ ಬಂದು ಅತ್ತೆಯ ಮಗ್ಗುಲಲ್ಲಿ ಕೂತಳು. ಗೋಪಿಕಾಬಾಯಿಗೆ ಆಗ ಕೂದಲು ಬೆಳ್ಳಗಾಗಿತ್ತು. ಅವಳು ನಾಳಿನ ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತಿದ್ದಳು.

“ಅತ್ಯಾ, ಸಾರಂಗ ಆದ ಮ್ಯಾಲ ಮನಿ ಹಾಡು ಕೇಳ್ತಾರ. ಯಾವದು ಹಾಡ್ಲಿ?”

ಗೋಪಿಕಾಬಾಯಿ ಈಳಿಗೆಯಿಂದ ಕೈ ತೆಗೆಯದೆ ಇನ್ನೊಂದು ಬದನೆಕಾಯಿ ಸೀಳಿದಳು.

“ಯಾವದರೆ ಹಾಡವಾ” ಎಂದಳು. “ಯಾರೂ ಊಟಕ್ಕ ಕೂಡದ ಹಾಡು ಹಾಡು.”