ಬಾಗಲಕ್ಕ ಬೇವು

ನಮ್ಮತ್ತಿ, ಅಂದ್ರ ನಮ್ಮಪ್ಪನ ಅಕ್ಕ, ವರ್ಷಕ್ಕೊಮ್ಮೆ ಕ್ರಿಸ್‌ಮಸ್ ಹಬ್ಬಕ್ಕ ಬಾಗಲಕೋಟಿಯಿಂದ ಇಳಕಲ್ಲಿಗೆ ಬರ್ತಿದ್ಲು. ಆಕಿ ಬಂದ್ಲಂದ್ರ ನನಗ ಹಬ್ಬ ಯಾಕರ ಬಂತು ಅನ್ನಿಸ್ತಿತ್ತು. ಹರೇದಾಗ ಒಬ್ಬ ದೊರಸಾನಿ ಬಂಗ್ಲೇದಾಗ ಹುಡುಗ್ರನ್ನ ಆಡಿಸ್ಕೊಂಡಿದ್ದಾಕಿ. ದೊರಸಾನಿ ಹಡಗ ಹತ್ತಿ ಹೋಗಿ ಯಾವ ಕಾಲಾತು, ಇಕಿ ಇನ್ನೂ ಬಂಗ್ಲೇ ಬಿಟ್ಟು ಇಳಿದಿರಲಿಲ್ಲ. ನಮ್ಮನಿ ಚಹಾ ನೋಡಿ ಮೂಗು ಮುರೀತಿದ್ಲು, ಚಾದರ ಎತ್ತಿ ಮೂಸಿ ನೋಡ್ತಿದ್ಲು. ನಮ್ಮವ್ವ ಏನ ಮಾಡಿದ್ರೂ "ನಮ್ಮ ದೊರಸಾನಿ ಹಿಂಗ ಮಾಡ್ತಿದ್ದಿಲ್ಲ" ಅನ್ನೂದೊಂದ ಮಾತು. ಅಮೀನಗಡದಾಗ ಬಸ್ ನಿಂತಾಗ ಒಂದು ಡಬ್ಬಿ ಕರದಂಟು ತರ್ತಿದ್ಲು ಅನ್ನೂದನ್ನ ಬಿಟ್ರ ಆಕಿ ಬಗ್ಗೆ ಹೇಳೂವಂಥ ಛಲೋ ಮಾತು ನನ್ನ ಹತ್ರ ಇಲ್ಲ.

ನಾ ಮ್ಯಾಟ್ರಿಕ್ ಓದೂ ವರ್ಷದ ಮಾತಿದು, ಎಪ್ಪತ್ತರ ದಶಕ ಮುಗೀಲಿಕ್ಕೆ ಬಂದಿತ್ತು. ಅಪ್ಪಗ ಸಾಲಿ ಮಾಸ್ತರಕಿ. ಬದಾಮಿಯಿಂದ ವರ್ಗಾ ಆಗಿ ಇಳಕಲ್ಲಿಗೆ ಬಂದು ನೇಕಾರರ ಓಣ್ಯಾಗ ಮನಿ ಹಿಡಿದಿದ್ವಿ. ನಮ್ಮ ಮುತ್ಯಾನ ಕಾಲದಾಗ ಯೇಸುನ ನಂಬಿದವರು ನಾವು. ಅದಕ್ಕೂ ಮೊದಲ ಯಾವ ಕೇರ್ಯಾಗ ಇದ್ವಿ ಅನ್ನೂದನ್ನ ನಾವು ಮರೆತಿದ್ವಿ, ಓಣಿ ಮರೆತಿರಲಿಲ್ಲ. ಎದುರುಮನಿ ಸಾವಕಾರ್ತಿಗೆ ಮನ್ಯಾಗ ಮಗ್ಗ ಇದ್ವು. ನಮ್ಮವ್ವ ಆಕಿಗೆ ಕಂಡಿಕಿ, ಅಂದ್ರ ಮಗ್ಗಕ್ಕ ಹಾಕೂ ನೂಲಿನ ಕೊಳವಿ, ಸುತ್ತಿ ಕೊಡ್ತಿದ್ಲು. ಅವ್ವ ಸುತ್ತಿದ ನೂಲಿನ ಸೀರಿ ಓಣಿ ಎಲ್ಲಾ ಉಡ್ತಿತ್ತು. ಅವ್ವ ಕೊಟ್ಟ ನೀರು ಮಾತ್ರ ಒಬ್ಬರೂ ಕುಡಿದಿರಲಿಲ್ಲ. ಕರೆದ್ರ "ಈಗರ ಕುಡದೇನವಾ" ಅಂತಿದ್ರು. ಇಡೀ ಓಣಿಗೆ ಯಾವಾಗಲೂ ಈಗರ ಕುಡದಾಗಿರ್ತಿತ್ತು.

ಅವ್ವಗ ಇದು ಒಳಗ ಕೊರೀತಿತ್ತು. ಒಬ್ಬರ, ಒಬ್ಬರೇ ಒಬ್ಬರು ಹೊಸ್ತಿಲಾ ದಾಟಿ ಬಂದು ಗಂಗಾಳದ ಮುಂದ ಕೂಡಬೇಕು. ಅಷ್ಟ ಆಕಿ ಆಸೆ. ಆ ವರ್ಷ ಸಾವಕಾರ್ತಿ ತಾನ ಬಾಯಿ ಬಿಟ್ಟು, "ನಿಮ್ಮ ಹಬ್ಬಕ್ಕ ಬರ್ತೇನಿ ತಗೋ" ಅಂದಿದ್ಲು. ಅವ್ವನ ಕಾಲು ನೆಲದ ಮ್ಯಾಲ ಇರಲಿಲ್ಲ. ಸಾವಕಾರ್ತಿ ಕೊಳ್ಳಾಗ ಲಿಂಗ ಐತಿ, ಅದಕ್ಕ ಹಬ್ಬಕ್ಕ ಮಟನ್ ಇಲ್ಲ ಅಂತ ಮೊದಲ ಸಾರಿದ್ಲು. ಅಪ್ಪ ಮುಖ ಗಂಟ ಹಾಕ್ಕೊಂಡ. ಶೇಂಗಾ ಹೋಳಗಿ, ಕರಚಿಕಾಯಿ, ಚಿತ್ರಾನ್ನ ಮಾಡೂದಂತಾತು. ಯಾರೂ ಉಂಡಿರದ ಹೊಸಾ ಸ್ಟೀಲಿನ ಗಂಗಾಳ ತಂದು, ನಮಗ ಮುಟ್ಟಾಕೂ ಬಿಡದಂಗ ಟ್ರಂಕಿನ್ಯಾಗ ಇಟ್ಲು.

ಅತ್ತಿ ಬಂದು ಇಳಿದಾಕಿನ ಬಾಗಲಾ ನೋಡಿ, "ಏನಿದು, ಕ್ರಿಸ್ತರ ಮನಿ ಬಾಗಲಾ ಅಂತ ಗೊತ್ತ ಆಗೂದಿಲ್ಲಲ್ಲ! ನಮ್ಮ ದೊರಸಾನಿ ಬಾಗಲಕ್ಕ ದುಂಡನ್ನ ಹಸರ ಹಾರ ಕಟ್ತಿದ್ಲು" ಅಂದ್ಲು.

"ಅಂಗಡ್ಯಾಗ ಸಿಗೂದಿಲ್ರಿ ಅಂಥಾದ್ದು" ಅಂದ್ಲು ಅವ್ವ.

"ಅಂಗಡಿ ಯಾಕ? ಮನ್ಯಾಗ ಮಾಡೂಣು. ರೊಕ್ಕ ಇಲ್ಲ, ಕಾಸಿಲ್ಲ."

ಮಾಡೂಣು ಅಂದಾಕಿ ಮಂಚ ಬಿಟ್ಟು ಏಳಲಿಲ್ಲ. ಮಾಡಿದಾಕಿ ನಾನು. ಮುರದ ಬಕೀಟಿನ ತಂತಿ ಕಿತ್ತು ದುಂಡಗ ಬಗ್ಗಿಸಿದೆ, ಹಳೇ ಸೀರಿ ಚೂರು ಸುತ್ತಿದೆ. ಕೊಡದ ಕೆಳಗ ತಲಿಮ್ಯಾಲ ಇಟ್ಕೊತಾರಲ್ಲ, ಥೇಟ ಆ ಸಿಂಬಿ ಆತು. ಮುಂದ ಎಲಿ ಯಾವುದು ಕಟ್ಟೂದು? ಮಾವಿನೆಲಿ ತಂದ್ರ, "ಅದು ಹಿಂದೂಗಳ ತೋರಣ, ಒಗಿ" ಅಂದ್ಲು. ಜಾಲಿ ತಂದ್ರ ಮುಳ್ಳು ಚುಚ್ಚಿ ನನ್ನ ಕೈ ರಕ್ತಾತು. ಕಡೀಕೆ ಹಿತ್ತಲದ ಬೇವಿನ ಗಿಡಾ ನೋಡಿ ಆಕಿ ಕಣ್ಣು ಅರಳಿದ್ವು. "ಹಿಂಗ ಇತ್ತು ನೋಡು ದೊರಸಾನಿ ಎಲಿ, ಅಂಚಿಗೆ ಗರಗಸ! ಹರಕೊಂಡ ಬಾ."

ಒಲಿ ಮುಂದ ಕುಂತಿದ್ದ ಅವ್ವ ಹೋಳಗಿ ಬಿಟ್ಟು ಎದ್ದ ಬಂದ್ಲು. "ಬಾಗಲಕ್ಕ ಬೇವು ಕಟ್ಟಬಾರದ್ರಿ. ಮನ್ಯಾಗ ಯಾರಿಗರ ಮೈಮ್ಯಾಲ ಗುಳ್ಳಿ ಆಗಿ ಅಮ್ಮ ಎದ್ದಾಗ ಕಟ್ತಾರ್ರಿ ಅದನ್ನ. ನೋಡಿದ ಮಂದಿ ಏನಂದಾರು?"

ಅತ್ತಿ ಮಂಚದ ಮ್ಯಾಲಿಂದನ ಕಣ್ಣು ಕೆಂಪ ಮಾಡಿದ್ಲು. "ನಿನ್ನ ತಲ್ಯಾಗ ಇನ್ನೂ ಆ ಅಮ್ಮ ಕುಂತಾಳೇನು? ಮುತ್ಯಾನ ಕಾಲದಾಗ ಬಿಟ್ಟ ದೇವ್ರನ್ನ ನೀ ಇನ್ನೂ ಬಿಟ್ಟಿಲ್ಲೇನು? ಹೇಳ್ಲೇನು ಪಾದ್ರಿಗೆ?"

ಅವ್ವ ಹೊಳ್ಳಿ ಒಲಿ ಮುಂದ ಹೋಗಿ ಕುಂತ್ಲು. ಅಪ್ಪ ಪೇಪರ್ ಅಡ್ಡ ಹಿಡ್ಕೊಂಡ. ಮಣ್ಣಿನ ಗಣಪ್ಪರ ಒಂದೀಟ ಅಳ್ಳಾಡತಿದ್ದನೇನೋ, ನಮ್ಮಪ್ಪ ಅಳ್ಳಾಡಲಿಲ್ಲ. ನಾ ಸಿಟ್ಟಿಲೆ ಗೊಂಚಲಾ ಗೊಂಚಲಾ ಬೇವು ಹರದು ಕಟ್ಟಿದೆ. ದೊರಸಾನಿ ಹಾರದಾಗ ಕೆಂಪನ್ನ ಹಣ್ಣ ಇದ್ವಂತ, ಅದಕ್ಕ ಬ್ಯಾಡಗಿ ಮೆಣಸಿನಕಾಯಿ ಪೋಣಿಸಿದೆ. ರಿಬ್ಬನ್ ಇತ್ತಂತ, ಅದಕ್ಕ ಮಗ್ಗದಾಗ ಉಳಿದ ಅರಿಷಿಣ ಬಣ್ಣದ ನೂಲು. ಕಟ್ಟಿ ಮುಗಿಸಿ ದೂರ ನಿಂತು ನೋಡಿದ್ರ, ಸಾಕ್ಷಾತ್ ಅಮ್ಮನ ಬಾಗಲಾ. ಅತ್ತಿ ಕೈ ತಟ್ಟಿ "ಈಗ ಆತು ನೋಡು ಕ್ರಿಸ್‌ಮಸ್" ಅಂದ್ಲು.

ಹಬ್ಬದ ದಿನ ಪ್ರಾರ್ಥನಿ ಮುಗಿಸಿ ಬಂದು, ಅವ್ವ ಟ್ರಂಕಿನ ಗಂಗಾಳ ತಗದು ತೊಳದು ಹಾಸಿದ ಚಾಪಿ ಮುಂದ ಇಟ್ಲು. ಓಣ್ಯಾಗ ಹುಡುಗ್ರು ಬಂದು ಹಾರ ನೋಡಿ ನಿಂತ್ರ, ಅವರವ್ವದೇರು ರಟ್ಟಿ ಹಿಡದು ಜಗ್ಗಿಕೊಂಡು ಹೋದ್ರು. ಮಧ್ಯಾಹ್ನ ಆತು. ಹೋಳಗಿ ಆರಿ ತಣ್ಣಗಾದ್ವು. ಅವ್ವ ಒಂದ ಸವನ ಸೆರಗು ಸರಿ ಮಾಡ್ಕೋತ ಬಾಗಲಾ ನೋಡ್ತಿದ್ಲು. ನನಗ ಅತ್ತಿನ್ನ ಹಿತ್ತಲದ ಬಾವಿಗೆ ನೂಕಬೇಕನಿಸ್ತು. ಆಕಿ ಆರಾಮ ಕರಚಿಕಾಯಿ ಕುರುಕ್ತಿದ್ಲು.

ಕಡೀಕೆ ಸಾವಕಾರ್ತಿ ಬಂದ್ಲು. ಖರೇನ ಬಂದ್ಲು. ಬರಿಗಾಲಿಲೆ, ಒಂದ ಕೈಯಾಗ ತಂಬಿಗಿ ನೀರು, ಇನ್ನೊಂದರಾಗ ಎಲಿಮ್ಯಾಲ ಮೊಸರನ್ನ. ಹೊಸ್ತಿಲದ ಹೊರಗ ನಿಂತು ನೀರು ಹಾಕಿದ್ಲು, ಮೊಸರನ್ನ ಇಟ್ಲು, ನಾ ಕಟ್ಟಿದ ಹಾರಕ್ಕ ಕಣ್ಣ ಮುಚ್ಚಿ ಕೈ ಮುಗದ್ಲು. "ತಣ್ಣಗ ಇರವ್ವಾ ತಾಯಿ, ತಣ್ಣಗ ಬಂದಂಗ ತಣ್ಣಗ ಹೋಗು" ಅಂದ್ಲು. ಆಮ್ಯಾಲ ನಮ್ಮವ್ವಗ, "ಯಾರಿಗವಾ ಬಂದಾಳ? ನಿನ್ನ ಮಗಳಿಗೇನು? ಅಮ್ಮ ಇದ್ದ ಮನ್ಯಾಗ ಉಣಬಾರದು ನೋಡು, ಇಲ್ಲಂದ್ರ ನಾ ಇವತ್ತ ಬರಾಕಿನ" ಅಂದ್ಲು.

ಅವ್ವನ ಮುಖ ದೀಪ ಹಚ್ಚಿದಂಗಾತು. "ಅಯ್ಯ, ಅಕ್ಕಾರ! ಯಾರಿಗೂ ಏನೂ ಆಗಿಲ್ರಿ! ಇದು ನಮ್ಮ ಹಬ್ಬದ ಹಾರಾರಿ, ಅಮ್ಮಂದಲ್ರಿ!" ಅಂತ ಓಡಿ ಬಂದು ಹಾರ ಕಿತ್ತು ಒಳಗ ಒಗದ್ಲು. ಬಾಗಲಾ ಬೋಳಾತು. "ಬರ್ರಿ ಒಳಗ. ನಿಮ್ಮ ಸಲುವಾಗಿ ಮಟನ್ ಸುದ್ದಾ ಮಾಡಿಲ್ರಿ, ಬರ್ರಿ, ಕೂಡ್ರಿ."

ಸಾವಕಾರ್ತಿ ಬೋಳ ಬಾಗಲಾ ನೋಡಿದ್ಲು. ಚಾಪಿ ನೋಡಿದ್ಲು, ಗಂಗಾಳ ನೋಡಿದ್ಲು. ಆಮ್ಯಾಲ ಕೈಯಾಗಿನ ಖಾಲಿ ತಂಬಿಗಿ ನೋಡ್ಕೋತ, "ಇವತ್ತ ನಂದು ಉಪಾಸ ಐತವಾ" ಅಂದ್ಲು.

"ಮುಂಜಾನಿ ಕಟ್ಟಿಮ್ಯಾಲ ಕುಂತು ಚುರಮುರಿ ತಿಂದ್ರೆಲ್ರಿ?" ಅಂದೆ ನಾನು. ಯಾಕ ಬಿಡಬೇಕು? ಕುಣೀಲಾರದಾಕಿಗೆ ನೆಲಾ ಡೊಂಕಂತ.

"ಬಾಯಿ ಮುಚ್ಚ" ಅಂತ ಅವ್ವ ನನಗ ಗದರಿಸಿದ್ಲು. ಒಳಗ ಹೋಗಿ ಕರದಂಟಿನ ಡಬ್ಬಿ ತಂದು, ಸಣ್ಣ ದನೀಲೆ, "ಇದು ಅಂಗಡ್ಯಾಂದ್ರಿ ಅಕ್ಕಾರ. ನಾ ಮುಟ್ಟಿ ಮಾಡಿದ್ದಲ್ರಿ" ಅಂದ್ಲು. ಸಾವಕಾರ್ತಿ ಸೆರಗು ಒಡ್ಡಿದ್ಲು. ಅವ್ವ ಕೈ ತಾಗದಂಗ ಮ್ಯಾಲಿಂದ ಹಾಕಿದ್ಲು. "ಮನಿಗೆ ಹೋಗಿ ತಿಂತೇನಿ" ಅಂತ ಆಕಿ ಓಣಿ ದಾಟಿದ್ಲು. ನಮ್ಮವ್ವ ಸುತ್ತಿದ ನೂಲಿನ ಸೀರಿ ಸೆರಗದು.

ಹೊಸ್ತಿಲದ ಮುಂದಿನ ಮೊಸರನ್ನ ನೋಡಿ ಅತ್ತಿ, "ಅದು ವಿಗ್ರಹಕ್ಕ ಇಟ್ಟ ಅನ್ನ, ನಾಯಿಗೆ ಹಾಕು" ಅಂದ್ಲು. ಅವ್ವ ಆ ಎಲಿ ಎತ್ತಿಕೊಂಡು ಬಂದು, ಹೊಸಾ ಗಂಗಾಳಕ್ಕ ಸುರುವಿಕೊಂಡು, ಚಾಪಿಮ್ಯಾಲ ತಾನ ಕುಂತು ಉಣ್ಣಾಕ ಹತ್ತಿದ್ಲು. "ಭಾಳ ರುಚಿ ಐತಿ ಅವರ ಮನಿ ಅನ್ನ. ನಮಗೇನು, ನಾವು ಯಾರ ಮನೀದೂ ಉಣ್ತೇವಿ" ಅಂದ್ಲು. ಕಣ್ಣಾಗ ನೀರಿಲ್ಲ, ಬರೇ ಉರಿ. ಗಂಗಾಳ ಬಳದು ಉಂಡು, ಕೈ ತೊಳದು, ಮೂಲ್ಯಾಗ ಬಿದ್ದಿದ್ದ ಹಾರ ಎತ್ತಿ ಮತ್ತ ಬಾಗಲಕ್ಕ ಕಟ್ಟಿದ್ಲು.

ಮುಂದ ಪ್ರತಿ ವರ್ಷ ಅವ್ವ ತಾನ ಸಿಂಬಿ ಮಾಡಿ, ತಾನ ಬೇವು ಹರದು ಕಟ್ಟಾಕ ಹತ್ತಿದ್ಲು. ನನ್ನನ್ನ ಕರೀಲಿಲ್ಲ. ಮಟನ್ ಮತ್ತ ಶುರು ಆತು. ಅಪ್ಪ ಖುಷಿ, ನಾನೂ ಉಂಡೆ. ಸಾವಕಾರ್ತಿ ಒಂದೆರಡು ಸಲ ದೂರಿಂದ ನೋಡಿ, ಬೇವು ಐತಿ ಅಂತ ಸಮಾಧಾನಾಗಿ ತನ್ನ ಮನಿ ಒಳಗ ಹೋದ್ಲು. ಅದು ನಮ್ಮ ಹಬ್ಬದ ಹಾರ ಅಂತ ಇಡೀ ಓಣಿಗೆ ಗೊತ್ತಿತ್ತು. ಗೊತ್ತಿಲ್ಲದವರಂಗ ಎಲ್ಲಾರೂ ದೂರ ನಡೀತಿದ್ರು.

ಎಂಬತ್ತರ ದಶಕದಾಗ ಅತ್ತಿ ಒಂದ ವರ್ಷ ಹುಬ್ಬಳ್ಳಿಯಿಂದ ಪ್ಲಾಸ್ಟಿಕ್ ಹಾರ ತರಿಸಿಕೊಂಡು ಬಂದ್ಲು. ಥಳಥಳ ಹೊಳಿಯೂ ಎಲಿ, ಕೆಂಪು ಹಣ್ಣು, ಗಂಟಿ ಬ್ಯಾರೆ. ಅಷ್ಟರಾಗ ಆಕಿಗೂ ವಯಸ್ಸಾಗಿ ದನಿ ಮೆತ್ತಗಾಗಿತ್ತು. "ಅವತ್ತ ನಾನ ತಪ್ಪ ಮಾಡಿದೆ, ಆ ಸುಡಗಾಡ ಬೇವು ತಗಿ. ಇದನ್ನ ಕಟ್ಟು, ಈಗ ಕಾಲಾ ಬದಲಾಗೈತಿ, ಮಂದಿ ಬರ್ತಾರ" ಅಂದ್ಲು.

ಅವ್ವ ಬೇವಿನ ಗೊಂಚಲಾ ಕಟ್ಟೂದು ನಿಲ್ಲಿಸಲಿಲ್ಲ. ನೂಲು ಹಲ್ಲಿಲೆ ಹರಕೊಂಡು ಅಂದ್ಲು:

"ಅದನ್ನ ಕಟ್ಟಿದ ಮ್ಯಾಲೂ ಬರದಿದ್ರ? ಬೇವು ಇರಲಿ ಬಿಡ್ರಿ. ಇದರ ಸಲುವಾಗಿ ಬರಲಿಲ್ಲ ಅಂತ ಅನ್ಕೊಳ್ಳಾಕರ ಬರತೈತಿ."