ಬಾಗಿಲ ಮೇಲಿನ ಬಿಳಿ ಸುತ್ತುಗಳು

ಅಂದು ಬೆಳಿಗ್ಗೆ ಹಾಲು ಕಾಯಿಸಿ, ತುಳಸಿಗೆ ನೀರೆರೆದು, ಕಾರಿನ ಹೊದಿಕೆ ತೆಗೆದೆ. ಮರುದಿನದಿಂದ ಮಗಳು ಅದರಲ್ಲೇ ಹಂಪಾಪುರದ ಶಾಲೆಗೆ ಪಾಠ ಮಾಡಲು ಹೋಗುವವಳಿದ್ದಳು. ಕಾರಿನ ಹಿಂಬಾಗಿಲ ಮೇಲೆ ಪಾಲಿಶ್ ಬೆಳ್ಳಗೆ ಒಣಗಿತ್ತು. ಎಂಟು ತಿಂಗಳ ಹಿಂದೆ ಅದನ್ನು ಹಚ್ಚಿದ ನಮ್ಮ ಯಜಮಾನರು, ಒರೆಸುವ ಮೊದಲೇ ಎದೆ ಹಿಡಿದು ಕುಳಿತವರು, ಮತ್ತೆ ಏಳಲಿಲ್ಲ. ಅವರು ಎಡಚರು; ಅವರ ಕೈ ಎಡಕ್ಕೆ ಸುತ್ತಿದ ಗುರುತುಗಳು ಹಾಗೆಯೇ ಇದ್ದವು.

ಹುಣಸೂರು ಪೇಟೆಗೆ ಹೋಗಿ ಕಾರು ಒರೆಸುವ ಮೈಕ್ರೋಫೈಬರ್ ಟವೆಲ್ ಕೇಳಿದೆ. ಅಂಗಡಿಯವರು ಒಂದನ್ನು ನನ್ನ ಅಂಗೈ ಮೇಲೆ ಎಳೆದರು. ಪಾತ್ರೆ ತೊಳೆದು ಒರಟಾದ ಚರ್ಮಕ್ಕೆ ಬಟ್ಟೆ ಕಚ್ಚಿಕೊಂಡಿತು.

"ಇಂಗೆ ಇಡ್ಕೋಬೇಕು ಕಣಮ್ಮ, ಆಗ್ಲೇ ಪಾಲಿಶ್ ಎತ್ತೋದು. ಅಂಚಿನ ಚೀಟಿ ಕತ್ತರಿಸ್ಬುಡಿ, ಇಲ್ದಿದ್ರೆ ಗೀರು ಬೀಳ್ತದೆ. ಪಾಲಿಶ್ ಆಕಿ ಎಷ್ಟೊತ್ತಾಯ್ತು?"

"ಎಂಟು ತಿಂಗಳು."

"ಅಯ್ಯೋ, ಯಾವ ಸೋಮಾರಿ ಅಂಗೇ ಬುಟ್ಟೋನು?" ಎಂದು ನಕ್ಕರು. ನಾನು ದುಡ್ಡು ಕೊಟ್ಟು ಟವೆಲ್ ತೆಗೆದುಕೊಂಡೆ.

ಮನೆಗೆ ಬಂದು ಚೀಟಿ ಕತ್ತರಿಸಿ, ನೀರು ಚಿಮುಕಿಸಿ, ನನ್ನ ಬಲಗೈಯನ್ನು ಯಜಮಾನರಂತೆಯೇ ಎಡಕ್ಕೆ ತಿರುಗಿಸುತ್ತಾ ಒರೆಸಿದೆ. ಒಂದೊಂದೇ ಸುತ್ತು ಟವೆಲ್ಲಿಗೆ ಬಂತು. ಹ್ಯಾಂಡಲ್ ಕೆಳಗಿನ ಪುಟ್ಟದೊಂದನ್ನು ಮಾತ್ರ ಒರೆಸಲು ಕೈ ಬರಲಿಲ್ಲ. ಅದು ಇರಲಿ ಎಂದು ಒಳಗೆ ಹೋದೆ.

ಸಂಜೆ ಪಕ್ಕದ ಮನೆಯ ರತ್ನಮ್ಮ ಮೊಸರಿಗೆ ಹೆಪ್ಪು ಕೇಳಲು ಬಂದವರು, ಬಟ್ಟಲು ನೀಡುತ್ತಾ ಹೇಳಿದರು: "ಕಾರು ಚೆನ್ನಾಗ್ ಒಳೀತದೆ ಕಣ್ರೀ. ಹ್ಯಾಂಡಲ್ ತಾವ ಒಸಿ ಬೆಳ್ಳಗೆ ಉಳ್ಕಂಡಿತ್ತು, ನಾನೇ ಸೆರಗ್ನಲ್ಲಿ ಉಜ್ಜಿ ತೆಗ್ದೆ ಬುಡಿ."