ಪೆತ್ರಾ ಎಂಬ ಫಲಕದ ಕೆಳಗೆ

ನೆವೆನಾ ನಮ್ಮ ಬೀದಿಗೆ ಬಂದ ದಿನ ಬೀದಿಯವರಿಗೆ ಕಂಡದ್ದು ಅವಳ ಎರಡು ಕೈಗಳು ಮಾತ್ರ. ಸೋಫಿಯಾ ನಗರದ ನೆಲಮಾಳಿಗೆಯ ಅಂಗಡಿಗಳೇ ಹಾಗೆ. ಕಿಟಕಿ ಕಾಲುದಾರಿಯ ಮಟ್ಟಕ್ಕಿರುತ್ತದೆ. ಗಿರಾಕಿಯಾದವನು ಮಂಡಿಯೂರಿ ಕೆಳಕ್ಕೆ ಬಗ್ಗಿ ಮಾತನಾಡಬೇಕು. ಪಕ್ಕದಲ್ಲಿ ಹೂ ಮಾರುವ ರುಸ್ಕೊ ಅಂದೇ ಮಂಡಿಯೂರಿ, ಜಿಪ್ಪು ಕಿತ್ತುಹೋದ ತನ್ನ ಕೋಟನ್ನು ಒಳಗೆ ತೂರಿಸಿದ.

"ಚರ್ಚಲ್ಲೂ ನಾನು ಇಷ್ಟು ಬಗ್ಗಿಲ್ಲ ಕಣಮ್ಮಾ. ಸಂಜೆಗೆ ಕೊಡ್ತೀಯಾ?"

"ಮಧ್ಯಾಹ್ನಕ್ಕೇ ಬಾ" ಎಂದಿತು ಒಳಗಿನ ದನಿ.

ನೆವೆನಾಗೆ ಆಗ ಐವತ್ತೆಂಟು ವರ್ಷ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ದುಡಿದ ಉಡುಪಿನ ಕಾರ್ಖಾನೆ ಮುಚ್ಚಿ, ಜೊತೆಯವರೆಲ್ಲ ದಿಕ್ಕಿಗೊಬ್ಬರಾಗಿದ್ದರು. ಪೆರ್ನಿಕ್ ಊರಿನಲ್ಲಿ ಅಂಗಡಿ ಮುಚ್ಚಿದ ಒಬ್ಬಾಕೆಯಿಂದ ಹೊಲಿಗೆ ಯಂತ್ರ ಕೊಂಡಾಗ ಅದರ ಜೊತೆ ಒಂದು ಹಳೆಯ ಫಲಕವೂ ಬಂದಿತ್ತು: "ಪೆತ್ರಾ. ಜಿಪ್ಪು, ಬಟ್ಟೆ ರಿಪೇರಿ." ಹೆಸರು ಬದಲಿಸುವುದು ಆಮೇಲಾದರೂ ಆದೀತೆಂದು ನೆವೆನಾ ಅದನ್ನು ಹಾಗೆಯೇ ಕಿಟಕಿಯ ಮೇಲೆ ಮೊಳೆ ಹೊಡೆದು ಕೂರಿಸಿದಳು.

ಎರಡು ವಾರಕ್ಕೆ ವಸಂತದ ಚರ್ಚಿನ ಹಬ್ಬ, ಗರಿಗಳ ಭಾನುವಾರ ಬಂತು. ನಮ್ಮಲ್ಲಿ ಒಂದೊಂದು ಹೆಸರಿಗೂ ವರ್ಷದಲ್ಲಿ ಒಂದು ಹಬ್ಬದ ದಿನ; ಹೂವಿನ ಹೆಸರುಳ್ಳವರೆಲ್ಲರ ಹೆಸರಿನ ಹಬ್ಬ ಅಂದು. ನೆವೆನಾ ಎಂಬುದೂ ಒಂದು ಕಿತ್ತಳೆ ಬಣ್ಣದ ಹೂವೇ. ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವಂತಿಲ್ಲ. ಕರೆದರೆ ಬೇಡಿದ ಹಾಗೆ. ಬಾಗಿಲು ತೆರೆದಿಟ್ಟು ಕಾಯಬೇಕು, ನೆನಪಿದ್ದವರು ತಾವಾಗಿ ಬರುತ್ತಾರೆ. ಕಾರ್ಖಾನೆಯಿದ್ದಾಗ ಅವಳ ಮನೆಯಲ್ಲಿ ಅಂದು ಕೂರಲು ಜಾಗ ಸಾಲುತ್ತಿರಲಿಲ್ಲ. ಈ ಸಲವೂ ಅವಳು ಎಂಟು ತಟ್ಟೆ ಹಾಕಿ, ದೊಡ್ಡ ಮೀನಿನ ಹೊಟ್ಟೆಗೆ ಅನ್ನ, ಅಕ್ರೋಟು ತುಂಬಿ ಬೇಯಿಸಿದಳು. ಮೆಟ್ಟಿಲಲ್ಲಿ ಎರಡು ಬಾರಿ ಹೆಜ್ಜೆ ಸದ್ದಾಯಿತು. ಎರಡೂ ಮೇಲಿನ ಮಹಡಿಗೆ ಹೋದವು. ಮೀನು ಅಂಗಳದ ಬೆಕ್ಕುಗಳ ಪಾಲಾಯಿತು.

ಜೂನ್ ಕೊನೆಗೆ ಸಂತ ಪೀಟರನ ಹಬ್ಬ, ಅವನ ಹೆಸರಿನಿಂದಲೇ ಬಂದ ಪೆತ್ರಾ ಎಂಬ ಹೆಸರಿನವರಿಗೂ ಹಬ್ಬ. ಬೆಳಗ್ಗೆ ಕಿಟಕಿ ತೆರೆಯುತ್ತಲೇ ರುಸ್ಕೊ ಮಂಡಿಯೂರಿದ್ದ.

"ಹೆಸರಿನ ಹಬ್ಬದ ಶುಭಾಶಯ, ಪೆತ್ರಾ! ಈ ವರ್ಷದ ಮೊದಲ ಸೇಬು, ತಗೋ."

"ಅಯ್ಯೋ, ನಾನು..."

"ನಾಚ್ಕೋಬೇಡ ಕಣೇ" ಎಂದಳು ಅವನ ಬೆನ್ನ ಹಿಂದಿನಿಂದ ಬ್ರೆಡ್ಡಂಗಡಿಯ ಸ್ಪಾಸ್ಕಾ. "ಕೋಳಿ ಹುರಿದಿದೀಯೋ ಇಲ್ವೋ? ಮನೆ ಎಲ್ಲಿ ಹೇಳು."

ಸೇಬು ಆಗಲೇ ಅವಳ ಮಡಿಲಲ್ಲಿತ್ತು. ನೆವೆನಾ ಬಾಯಿ ತೆರೆದಳು. ಹೊರಬಿದ್ದದ್ದು ಬೇರೆ ಮಾತು. "ಹಿಂದಿನ ಅಂಗಳ, ಮೂರನೇ ಮಹಡಿ."

ಮಧ್ಯಾಹ್ನವೇ ಅಂಗಡಿ ಮುಚ್ಚಿ ಎರಡು ಕೋಳಿ ತಂದಳು. ಬಾಗಿಲ ಮೇಲಿದ್ದುದು ಗಂಡನ ಮನೆತನದ ಹೆಸರಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಸಂಜೆ ಹನ್ನೊಂದು ಜನ ಬಂದರು. ಅವಳು ನಿಂತದ್ದನ್ನು ಬೀದಿಯವರು ನೋಡಿದ್ದು ಅಂದೇ ಮೊದಲು.

"ಏನೇ ಪೆತ್ರಾ, ನಿನಗೆ ಕಾಲೂ ಇದೆಯಲ್ಲೇ!" ಎಂದು ರುಸ್ಕೊ ಕೂಗಿದ. ಮನೆಯೆಲ್ಲ ನಗು. ಅವಳೂ ನಕ್ಕಳು. ಎಲ್ಲರೂ ಹೋದ ಮೇಲೆ ತಟ್ಟೆ ತೊಳೆಯುತ್ತ, ಇಷ್ಟು ಜನರಲ್ಲಿ ಒಬ್ಬರೂ ತನ್ನ ಹೆಸರು ಹಿಡಿದು ಕರೆಯಲಿಲ್ಲವೆಂದು ಲೆಕ್ಕ ಹಾಕಿದಳು.

ಚಳಿಗಾಲದಲ್ಲಿ ಬೂಟುಗಳ ಜಿಪ್ಪು ರಾಶಿ ಬಿತ್ತು. ಹಿಮ ಕಿಟಕಿಯನ್ನು ಮುಚ್ಚಿದ ದಿನಗಳಲ್ಲಿ ಮೊದಲು ಸನಿಕೆ ಹಿಡಿದು ಬರುತ್ತಿದ್ದವನು ರುಸ್ಕೊ. ಮಾರ್ಚ್ ಒಂದರಂದು ಅವಳ ಕಿಟಕಿಯ ಸರಳಿಗೆ ಬೀದಿಯವರು ವಾಡಿಕೆಯಂತೆ ಕೆಂಪು-ಬಿಳಿ ದಾರಗಳನ್ನು ಕಟ್ಟಿ ಹೋದರು, ಪೆತ್ರಾಗೆ ಒಳ್ಳೆಯದಾಗಲೆಂದು. ಈ ಗರಿಗಳ ಭಾನುವಾರಕ್ಕೆ ಮುಂಚೆ ನಿಜ ಹೇಳಲೇಬೇಕೆಂದು ನೆವೆನಾ ನೀಲಿ ಬಣ್ಣದ ಡಬ್ಬಿ ತಂದಳು. ಕಾಲುದಾರಿಯಲ್ಲಿ ತಾನೇ ಮಂಡಿಯೂರಿ ಫಲಕಕ್ಕೆ ಕುಂಚ ಎತ್ತಿದಳು.

"ಒಳ್ಳೇ ಕೆಲಸ" ಎಂದ ರುಸ್ಕೊ. "ಹೆಸರು ಮಾತ್ರ ದೊಡ್ಡದಾಗಿ ಬರಿ. ದಾರಿ ಕೇಳಿದೋರಿಗೆಲ್ಲ ಪೆತ್ರಾ ಹತ್ರ ತಿರುಗಿ ಅಂತೀನಿ. ಪೆತ್ರಾ ಇಲ್ದಿದ್ರೆ ನಮ್ಮ ಬೀದಿ ಯಾರಿಗೆ ಸಿಗುತ್ತೆ?"

ಅವಳು ಕುಂಚವನ್ನು ಮತ್ತೆ ಡಬ್ಬಿಗೆ ಅದ್ದಿದಳು. ಇನ್ನೊಬ್ಬಳ ಹೆಸರಿನಲ್ಲಿ ಸೇಬು ತಿಂದವಳೆಂದು ತಿಳಿದರೆ, ಬರುವ ಜೂನಿನಲ್ಲಿ ಮೆಟ್ಟಿಲು ಹತ್ತುವವರು ಯಾರು? ಅವಳು ಹಳೆಯ ಅಕ್ಷರಗಳನ್ನೇ ಒಂದೊಂದಾಗಿ, ದಪ್ಪಗೆ ತಿದ್ದಿದಳು.

ಅದಾಗಿ ಆರು ವರ್ಷ. ಈಗಲೂ ನೆವೆನಾ ಅದೇ ಕಿಟಕಿಯ ಕೆಳಗೆ ಜಿಪ್ಪು ಹೊಲಿಯುತ್ತಾಳೆ. ಜೂನ್ ಬಂದರೆ ಮನೆ ತುಂಬ ಜನ. ಗರಿಗಳ ಭಾನುವಾರ ಬೆಳಗ್ಗೆ ಮಾತ್ರ ಒಂದು ಚಿಕ್ಕ ಮೀನಿನ ಪೊಟ್ಟಣ ಹಿಡಿದು ರುಸ್ಕೊನ ಮುಂದೆ ಹಾದುಹೋಗುತ್ತಾಳೆ.

"ಇವತ್ತೂ ಆ ನಿನ್ನ ಗೆಳತಿ ಮನೆಗೇನಾ?"

"ಹೂಂ, ನೆವೆನಾ ಮನೆಗೆ. ಪಾಪ, ಬೇರೆ ಯಾರೂ ಹೋಗಲ್ಲ."

"ನನ್ನ ಶುಭಾಶಯಾನೂ ಹೇಳು" ಎಂದು ರುಸ್ಕೊ ಮೂರು ಹೂ ಕಟ್ಟಿಕೊಡುತ್ತಾನೆ, ಕಾಸು ತೆಗೆದುಕೊಳ್ಳುವುದಿಲ್ಲ.

ಅವಳು ಬೀದಿ ಸುತ್ತಿ ಹಿಂದಿನ ಅಂಗಳಕ್ಕೇ ಬಂದು, ತನ್ನ ಮನೆಗೆ ಮೂರು ಮಹಡಿ ಹತ್ತುತ್ತಾಳೆ. ಹೂಗಳನ್ನು ನೀರಿಗಿಟ್ಟು, ಎರಡು ತಟ್ಟೆ ಹಾಕಿ, ಬಾಗಿಲು ತೆರೆದಿಟ್ಟು ಕೂರುತ್ತಾಳೆ.